ಬ್ರೇಕ್ ಆಯಿಲ್ ನೋಡಿದ ಬೆಳಿಗ್ಗೆ

ಆ ಬೆಳಿಗ್ಗೆ ಲಾಂಡ್ರಿಯ ಡ್ರೈವರ್ ತನ್ನ ಹಳೇ ವ್ಯಾನಿನ ಬಾನೆಟ್ ಎತ್ತಿದ್ದೇ ತಪ್ಪಾಯಿತು.

ಹನ್ನೊಂದಕ್ಕೆ ಇಂಜಿನಿಯರ್ ಗಾಡಿಗಳನ್ನು ಪರೀಕ್ಷಿಸಲು ಬರುವವರಿದ್ದರು. ಅಂಗಳದ ಇಳಿಜಾರಿನಲ್ಲಿ ಅಕ್ಕಪಕ್ಕ ನಿಂತಿದ್ದ ಎರಡು ಬಿಳಿ ವ್ಯಾನುಗಳಲ್ಲಿ ಅವರು ಬೇಡವೆಂದದ್ದು ಗುಜರಿಗೆ, ಅದರ ಡ್ರೈವರ್ ಇಸ್ತ್ರಿ ಕೋಣೆಗೆ. ಆ ಕೋಣೆಯ ಹಬೆಯಲ್ಲಿ ಮನುಷ್ಯ ಆಲೂಗಡ್ಡೆಯ ಹಾಗೆ ಬೇಯುತ್ತಾನೆ. ಇನ್ನೊಂದು ವ್ಯಾನಿನ ಡ್ರೈವರ್ ನಿದ್ದೆಗಣ್ಣನಿಗೆ ಇದ್ಯಾವುದರ ಚಿಂತೆಯೂ ಇಲ್ಲ. ಬಟ್ಟೆ ಗಂಟಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

ಬ್ರೇಕ್ ಆಯಿಲ್ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಡ್ರೈವರ್ ಬಗ್ಗಿ ಮತ್ತೊಮ್ಮೆ ನೋಡಿದ.

"ಇಳಿಜಾರಲ್ಲಿ ನೋಡಿದ್ರೆ ಹಾಗೇ ಕಾಣೋದು," ಎಂದು ಇಸ್ತ್ರಿ ಅಕ್ಕ ಹಾಜರಾದಳು. "ಸಮ ನೆಲಕ್ಕೆ ತಳ್ಬೇಕು."

"ಬೇಡಕ್ಕಾ, ನಾನೇ..."

"ನೀನು ಹೋಗಿ ಆಯಿಲ್ ತಗೊಂಬಾ. ತಳ್ಳೋಕೆ ನಾವಿದ್ದೀವಲ್ಲ! ಬಾನೆಟ್ ಮುಚ್ಚು, ಮುಂದೆ ಕಾಣ್ಬೇಕು."

ಉಗ್ರಾಣದವನು ಮೂರು ಚೀಟಿ ಬರೆಸಿಕೊಂಡು, ಅರ್ಧ ಗಂಟೆ ಕಾಯಿಸಿ, ಆಯಿಲ್ ಕೊಟ್ಟ. ಡ್ರೈವರ್ ಓಡೋಡಿ ಬಂದರೆ ವ್ಯಾನು ಗೇಟಿನ ಬಳಿ ನಿಂತಿತ್ತು. ತೆರೆದ ಬಾನೆಟ್ಟಿನೊಳಗೆ ಮೂರು ತಲೆಗಳು: ಅಕ್ಕ, ಗೇಟಿನ ಕಾವಲುಗಾರ, ಆಫೀಸಿನ ಗುಮಾಸ್ತ.

"ನೋಡು, ಸಮ ನೆಲದಲ್ಲಿ ಅರ್ಧ ಡಬ್ಬಿ ಇದೆ!" ಎಂದಳು ಅಕ್ಕ. ನಿಜವಾಗಿಯೂ ಇತ್ತು. ಅಕ್ಕನ ಮಾತೇ ಸರಿಯಾಯಿತಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಕಾವಲುಗಾರ ಬಾಟಲಿ ಕಿತ್ತುಕೊಂಡು ಗಳಗಳ ಸುರಿದ. ಆಯಿಲ್ ಮೇಲಿನ ಗೆರೆ ದಾಟಿತು. ಗುಮಾಸ್ತ ಸಿರಿಂಜ್ ತಂದು, ಹೀರಿ, ಡ್ರೈವರನ ಅಂಗಿಗೇ ಪಿಚಕಾರಿ ಹೊಡೆದ.

"ಪೇಂಟ್ ಮೇಲೂ ಬಿತ್ತು, ಬಣ್ಣ ಕಿತ್ಕೊಂಡು ಬರುತ್ತೆ, ಒರೆಸು, ಒರೆಸು!" ಎಂದು ಮೂವರೂ ಕೂಗಿದರು.

"ಸ್ವಲ್ಪ ಬಾಯ್ಮುಚ್ಕೊಂಡಿರ್ತೀರಾ!" ಎಂದು ರೇಗುತ್ತ ಅವನು ಅಂಗಿ ಬಿಚ್ಚಿ ಒರೆಸಿದ. ಬನಿಯನ್ನಿನಲ್ಲೇ ನಿಂತು ಹನಿ ಹನಿಯಾಗಿ ಮಟ್ಟ ಸರಿಮಾಡಿ, ದೀಪ ಉಜ್ಜಿ, ಚಕ್ರ ತೊಳೆದ.

ಇಂಜಿನಿಯರ್ ಬಂದು ಎರಡನ್ನೂ ನೋಡಿದರು. "ಗೇಟ್ ಹತ್ರದ್ದನ್ನ ಇಟ್ಕೊಳ್ಳಿ. ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದಾರೆ! ಇನ್ನೊಂದರಲ್ಲಿ ಬ್ರೇಕ್ ಆಯಿಲ್ಲೇ ಇಲ್ಲ. ಅದು ಗುಜರಿಗೆ."

ಡ್ರೈವರನಿಗೆ ಸಂತೋಷದಿಂದ ಕಣ್ಣು ತುಂಬಿತು. ಹತ್ತಿ ಕೂತು ಕೀಲಿ ಹಾಕಿದ. ಅದು ತಿರುಗಲಿಲ್ಲ.

ನಿದ್ದೆಗಣ್ಣ ಆಕಳಿಸುತ್ತ ಬಂದ. "ಅಣ್ಣಾ, ನನ್ನ ಗಾಡೀಲಿ ಏನ್ಮಾಡ್ತಿದ್ದೀಯ?" ಎಂದು ಅವನನ್ನು ಇಳಿಸಿ, ತನ್ನ ಕೀಲಿ ಹಾಕಿದ. ವ್ಯಾನು ಗುರ್ರೆಂದು ಹೊರಟೇ ಹೋಯಿತು.

ಡ್ರೈವರ್ ಅಕ್ಕನನ್ನೇ ದುರುಗುಟ್ಟಿ ನೋಡಿದ.

"ಬಾನೆಟ್ ಮುಚ್ಚಿದ್ಮೇಲೆ ಎರಡೂ ಒಂದೇ ಥರ ಇದ್ವಪ್ಪಾ. ನಂಬರ್ ಯಾರು ನೋಡ್ತಾರೆ?" ಎಂದಳು ಅಕ್ಕ. ಆಮೇಲೆ ಅವನ ಬೆನ್ನು ಸವರಿದಳು. "ಹೋಗ್ಲಿ ಬಿಡು. ನಾಳೆಯಿಂದ ನನ್ನ ಪಕ್ಕದ ಮೇಜೇ ನಿಂದು. ಇಸ್ತ್ರಿ ಹೇಗೆ ಮಾಡ್ಬೇಕು ಅಂತ ದಿನಾ ನಿಂತು ಹೇಳ್ಕೊಡ್ತೀನಿ."