ಗೆರೆಯಾಚೆ ಎಡಗಾಲು

ಬೇರೆ ಮೇಷ್ಟ್ರುಗಳಿಗೆ ಬಿಪಿ ವಯಸ್ಸಾದ ಮೇಲೆ ಬರುತ್ತೆ. ಮಂಚೇನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಹುಡುಗಿಯರಿಗೆ ವಾಲಿಬಾಲ್ ಕಲಿಸೋ ಪಿ.ಟಿ. ಮೇಷ್ಟ್ರು ನನಗೆ ದಿನಾ ಸಾಯಂಕಾಲ ಬೆಲ್ ಹೊಡೆದ ಕೂಡಲೇ ಬರುತ್ತೆ.

ಸಂಡಿಗೆ

ನಮ್ಮ ಟೀಮಿನಲ್ಲಿ ಒಬ್ಬಳು ಎತ್ತರದ ಹುಡುಗಿ. ತೋಳಲ್ಲಿ ಒಳ್ಳೇ ಕಸುವು. ಆದರೆ ಸರ್ವ್ ಮಾಡುವಾಗ ಕೈ ಒಂದು ದಿಕ್ಕು, ಕಾಲು ಒಂದು ದಿಕ್ಕು. ಒಂದು ದಿನ ಬಾಲು ನೆಟ್ ಕಡೆಗೆ ಹೋಗದೆ ಪಕ್ಕದ ಮನೆ ಕಾಂಪೌಂಡ್ ಹಾರಿ, ಆ ಮನೆಯಮ್ಮ ಒಣಗಲಿಟ್ಟಿದ್ದ ಸಂಡಿಗೆ ಮೇಲೆ ಬಿತ್ತು. ಆಯಮ್ಮ ತಟ್ಟೆ ಸಮೇತ ಬಂದು ಹೆಡ್ ಮೇಡಂ ಟೇಬಲ್ ಮೇಲಿಟ್ಟರು.

"ನಾನು ಇಟ್ಟಿದ್ದು ಸಂಡಿಗೆ. ಹಪ್ಪಳ ಮಾಡಿದ್ದು ನಿಮ್ಮ ಮಕ್ಕಳು. ನೀವೇ ಕರೀರಿ."

ಮೇಡಂ ನನ್ನನ್ನು ಕರೆಸಿದರು. ಮುಂದಿನ ತಿಂಗಳು ಗೌರಿಬಿದನೂರಲ್ಲಿ ನಡೆಯೋ ಪಂದ್ಯ ಗೆದ್ದು ಬಂದರೆ ಸರಿ, ಇಲ್ಲದಿದ್ದರೆ ನೆಟ್ ಬಿಚ್ಚಿ ಬೀರುವಿಗೆ, ಹುಡುಗಿಯರಿಗೆ ಕೇರಂ ಅಂದರು. ಅವತ್ತಿಂದ ನನಗೆ ಕೇರಂ ಬೋರ್ಡ್ ಕಂಡರೆ ಮೈ ಉರಿಯುತ್ತೆ.

ನಾದಿನಿ

ಬಾಲು ತನ್ನ ಕಡೆ ಬಂದರೆ "ನಂದು" ಅಂತ ಕೂಗಬೇಕು, ಇಬ್ಬರು ಡಿಕ್ಕಿ ಹೊಡೀಬಾರದು ಅಂತ. ಚಿಂತಾಮಣಿ ಕಡೆಯಿಂದ ಬಂದಿದ್ದ ಹುಡುಗಿ ಅದನ್ನೇ ತೆಲುಗಿನಲ್ಲಿ "ನಾದಿ" ಅಂದುಬಿಟ್ಟಳು. ನಮ್ಮ ಕಡೆ ತೆಲುಗು ಯಾರಿಗೆ ಬರಲ್ಲ? ಆದರೂ ಒಬ್ಬಳು ಬೇಕಂತಲೇ, ಯಾರೇ ನಿನ್ನ ನಾದಿನಿ ಅಂತ ಕೇಳಿದಳು. ಎಲ್ಲರೂ ನಗುತ್ತಾ ನಿಂತರು, ಬಾಲು ನಡುವೆ ಬಿತ್ತು. ನಾನು ಚೆನ್ನಾಗಿ ಬೈದೆ. ಮಾರನೇ ದಿನ ಆ ಹುಡುಗಿ ಶುದ್ಧವಾಗಿ "ನಂದು" ಅಂದಳು. ಉಳಿದವರೆಲ್ಲ ಒಟ್ಟಿಗೆ "ನಾದಿ" ಅಂತ ಕೂಗಿ ಡಿಕ್ಕಿ ಹೊಡೆದರು.

ಅಜ್ಜಿ ಮಾತು

ಎತ್ತರದ ಹುಡುಗಿಯ ಕಾಯಿಲೆ ಕೊನೆಗೂ ಸಿಕ್ಕಿತು. ಬಲಗೈಲಿ ಹೊಡೆಯುವವರು ಎಡಗಾಲು ಮುಂದಿಡಬೇಕು, ಆಗ ಮೈ ನೆಟ್ಟಗೆ ತಿರುಗುತ್ತೆ. ಇವಳು ಪ್ರತಿ ಸಲ ಬಲಗಾಲು ಇಡುತ್ತಿದ್ದಳು. ಯಾಕಮ್ಮ ಅಂದರೆ ತಲೆ ತಗ್ಗಿಸಿ ಹೇಳಿದಳು:

"ಒಳ್ಳೇ ಕೆಲ್ಸಕ್ಕೆ ಎಡಗಾಲು ಮುಂದಿಡಬಾರ್ದು ಅಂತ ನಮ್ಮಜ್ಜಿ ಹೇಳವ್ರೆ ಸಾರ್."

ಹಣೆ ಚಚ್ಚಿಕೊಂಡೆ. ಆಮೇಲೆ ಒಂದು ಉಪಾಯ ಹೊಳೆಯಿತು. ಸರ್ವ್ ಮಾಡೋದು ಗೆರೆಯಾಚೆ ಕಣಮ್ಮ, ಅದು ಇನ್ನೂ ಬೀದಿ, ಅಲ್ಲಿ ಎಡಗಾಲು ನಡೆಯುತ್ತೆ. ಹೊಡೆದಾದ ಮೇಲೆ ಕೋರ್ಟಿನೊಳಕ್ಕೆ ಬಲಗಾಲಿಟ್ಟು ಬಾ ಅಂದೆ. ಅವಳು ಒಪ್ಪಿದಳು. ಬಾಲು ನೆಟ್ ದಾಟಿ ಗೆರೆಯೊಳಗೆ ಬೀಳತೊಡಗಿತು. ಸಂಡಿಗೆಯಮ್ಮನೇ ಒಂದು ಸಂಜೆ ಕಾಂಪೌಂಡ್ ಮೇಲಿಂದ ಇಣುಕಿ, ಯಾಕೆ ಸಾರ್, ಬಾಲು ಕಳೆದುಹೋಯ್ತಾ ಅಂತ ವಿಚಾರಿಸಿದರು.

ಗೌರಿಬಿದನೂರು

ಪಂದ್ಯದ ದಿನ ನೋಡ್ತೀನಿ, ಹೆಡ್ ಮೇಡಂ ಪಕ್ಕದ ಕುರ್ಚಿಯಲ್ಲೇ ಎತ್ತರದ ಹುಡುಗಿಯ ಅಜ್ಜಿ ಕೂತಿದ್ದಾರೆ. ಮೊದಲ ಸರ್ವ್‌ಗೆ ಹುಡುಗಿ ಅಜ್ಜಿ ಮುಖ ನೋಡಿ ಬಲಗಾಲಿಟ್ಟಳು, ಬಾಲು ಅಂಪೈರ್ ಕುರ್ಚಿಗೆ ಬಡಿಯಿತು.

ಕೊನೆ ಸೆಟ್ಟಿನ ಕೊನೆಗೆ ಸರ್ವ್ ಮತ್ತೆ ಅವಳದೇ. ಆ ಒಂದು ಪಾಯಿಂಟ್ ಬಂದರೆ ಗೆಲುವು. ಅವಳು ನನ್ನ ಮುಖ ನೋಡಿದಳು, ಅಜ್ಜಿ ಮುಖ ನೋಡಿದಳು, ಕಣ್ಣು ಮುಚ್ಚಿ ಎಡಗಾಲಿಟ್ಟಳು. ಬಾಲು ನೆಟ್ ಸವರಿಕೊಂಡು ಹೋಗಿ ಆಚೆಯವರ ಮೂಲೆಯಲ್ಲಿ ಬಿತ್ತು. ಅಬ್ಬಾ, ನೆಟ್ ಉಳೀತು. ನಾನು ಅಲ್ಲೇ ಮಣ್ಣಲ್ಲಿ ಕೂತೆ.

ಅಷ್ಟರಲ್ಲಿ ಅಜ್ಜಿ ನನ್ನ ಕಡೆಗೇ ಬಂದರು. ಗೆದ್ದ ಖುಷಿ ಅರ್ಧಕ್ಕೆ ಇಳಿಯಿತು. ತಪ್ಪಾಯ್ತು ಅಜ್ಜಿ, ಎಡಗಾಲು ಇಡಿಸಿದ್ದು ನಾನೇ ಅಂದೆ.

ಅಜ್ಜಿ ಬಗ್ಗಿ ಮೆಲ್ಲಗೆ ಹೇಳಿದರು: "ಇರ್ಲಿ ಬಿಡಪ್ಪ. ಬಾಲು ಬಿದ್ದಿದ್ದು ಅವರ ಕಡೆ ತಾನೆ? ದರಿದ್ರ ಅವರಿಗೇ ಹೋಯ್ತು."