ವೈನಿಯ ಗಟಾರ, ಅಣ್ಣಂದಿರ ಸರಕಾರ

ಬನಹಟ್ಟಿಯ ನನ್ನ ತವರುಮನೆಯಲ್ಲಿ ಸರಕಾರ ದಿನಕ್ಕೆ ಎರಡು ಸಲ ಬೀಳುತ್ತದೆ: ಮುಂಜಾನೆ ಚಹಾದ ಹೊತ್ತಿಗೊಮ್ಮೆ, ಸಂಜೆ ಮಗ್ಗ ನಿಂತ ಮೇಲೆ ಇನ್ನೊಮ್ಮೆ. ನಾನು ಭೋಪಾಳಕ್ಕೆ ಬಂದು ನಲವತ್ತು ವರ್ಷವಾಯಿತು. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೂ ಯಾರ ಕೂಡವೂ ವಾದ ಮಾಡುವುದಿಲ್ಲ. ಮಗ್ಗದ ಸದ್ದಿಲ್ಲ, ಬಾಯಿಯ ಸದ್ದೂ ಇಲ್ಲ. ಊರಿಗೆ ಹೋದಾಗ ಎರಡನ್ನೂ ಕಿವಿ ತುಂಬಿಕೊಂಡು ಬರುತ್ತೇನೆ.

ತತ್ತ್ವ

ದೊಡ್ಡಣ್ಣ ಕೆಂಪು ಬಾವುಟದವನು, ಸಣ್ಣಣ್ಣ ಕೇಸರಿಯವನು. ಮನೆ ಒಂದೇ, ಪವರ್‌ಲೂಮ್ ಶೆಡ್ಡೂ ಒಂದೇ. ಬಾಗಿಲ ಮುಂದೆ ಬಾಯಿ ತೆರೆದ ಗಟಾರ. ದೊಡ್ಡಣ್ಣನ ಹೆಂಡತಿ, ನಮ್ಮ ವೈನಿಗೆ ಮೊಣಕಾಲು ನೋವು. ಒಮ್ಮೆ ಅದನ್ನು ದಾಟುವಾಗ ಬಿದ್ದು ಹದಿನೈದು ದಿನ ಹಾಸಿಗೆ ಹಿಡಿದಿದ್ದಳು. ಅಂದಿನಿಂದ ಆಕೆಗೆ ಬೇಕಾದದ್ದು ಒಂದೇ, ಗಟಾರದ ಮೇಲೊಂದು ಕಲ್ಲು.

ಗಟಾರ ಸರಕಾರದ್ದು, ತೆರಿಗೆ ಕೊಟ್ಟ ಮೇಲೆ ಕಲ್ಲನ್ನೂ ನಾವೇ ಹಾಕಿದರೆ ನಾಳೆ ದವಾಖಾನೆಯನ್ನೂ ನೀವೇ ಕಟ್ಟಿಕೊಳ್ಳಿ ಎನ್ನುತ್ತಾರೆ ಎಂದು ದೊಡ್ಡಣ್ಣನ ವಾದ. ಎಲ್ಲದಕ್ಕೂ ಸರಕಾರದ ಮುಂದೆ ಕೈಯೊಡ್ಡಿದರೆ ದೇಶ ಉದ್ಧಾರವಾಗದು, ಓಣಿಯವರೇ ಪಟ್ಟಿ ಎತ್ತಿ, ಹಣ ಕೂಡಿಸಿ ಹಾಕಬೇಕು ಎಂದು ಸಣ್ಣಣ್ಣ. ಹಾಗಾದರೆ ನೀನೇ ಶುರುಮಾಡು ಎಂದರೆ, ನಾನೊಬ್ಬನೇ ಹಾಕಿ ಎಲ್ಲರೂ ದಾಟಿದರೆ ಅದು ದೊಡ್ಡಣ್ಣನ ಪಕ್ಷದ ಕೆಲಸವಾಗುತ್ತದೆ ಎಂದ.

ವೈನಿ ನನ್ನ ಕಡೆ ತಿರುಗಿದಳು. "ಒಬ್ಬರು ಸರಕಾರ ಹಾಕಲಿ ಅಂತಾರ, ಒಬ್ಬರು ಮಂದಿ ಹಾಕಲಿ ಅಂತಾರ. ದಾಟೂದಷ್ಟ ನನ್ನ ಪಾಲಿಗೆ ಬಂದೈತಿ ನೋಡವ್ವಾ."

ಬಿಟ್ಟಿ ಬಸ್ಸು

ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ವೈನಿ ಗಟಾರದ ಅರ್ಜಿ ಹಿಡಿದು ಜಮಖಂಡಿಯ ಆಫೀಸಿಗೆ ಹೊರಟಳು. ಹೀಗೆ ಬಿಟ್ಟಿ ಕೊಟ್ಟೇ ಖಜಾನೆ ಬರಿದಾಗುವುದು ಎಂದು ಸಣ್ಣಣ್ಣ ಗೊಣಗಿದ. ಮತ್ತೆ ನಮ್ಮ ಮಗ್ಗಕ್ಕೆ ಕರೆಂಟ್ ಬಿಲ್ಲು ಯಾಕೆ ಬರುತ್ತಿಲ್ಲ ಎಂದು ವೈನಿ ಕೇಳಿದಳು.

"ಅದು ಉದ್ಯೋಗಕ್ಕ ಪ್ರೋತ್ಸಾಹರಿ ವೈನಿ."

ದೊಡ್ಡಣ್ಣ ಮನಸಾರೆ ನಕ್ಕ. ಇದು ಮಹಿಳೆಯರ ಜಾಗೃತಿ ಎಂದು ಓಣಿಗೆಲ್ಲ ಸಾರಿದ. ಆದರೆ ಆಫೀಸಿನಲ್ಲಿ ಸಾಹೇಬರು ಸಿಗಲಿಲ್ಲ. ವೈನಿ ಮೂರು ದಿನ ಅಡ್ಡಾಡಿದಳು. ಮೂರನೆಯ ದಿನ ಎರಡು ಗಂಟೆಗೆ ಮನೆಗೆ ಬಂದರೆ, ಜಾಗೃತಿಯ ನಾಯಕ ಖಾಲಿ ಬುಟ್ಟಿಯ ಮುಂದೆ ಕೂತಿದ್ದ.

"ನಿನ್ನ ಹೋರಾಟಕ್ಕ ನನ್ನ ಪೂರ್ತಿ ಬೆಂಬಲ ಐತಿ," ಎಂದ. "ರೊಟ್ಟಿ ಬಡದಿಟ್ಟು ಹೋಗು."

ಒಂದೇ ಹಾಸು

ಮುಂದೆ ಊರಿನ ಚುನಾವಣೆ ಬಂತು. ನಮ್ಮ ಶೆಡ್ಡಿಗೆ ಮೊದಲು ಕೆಂಪು ಶಾಲಿನ ಆರ್ಡರು, ಅದು ಮುಗಿಯುವ ಮುಂಚೆಯೇ ಕೇಸರಿಯದು. ಮಗ್ಗಕ್ಕೆ ಏರಿಸಿದ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಅರ್ಧಕ್ಕೆ ಕತ್ತರಿಸುವುದು ನೇಕಾರರ ಮನೆಯಲ್ಲಿ ಇಲ್ಲ. ಉಳಿದ ಕೆಂಪು ಹಾಸಿನ ಮೇಲೆಯೇ ಅಡ್ಡ ಎಳೆಯಾಗಿ ಕೇಸರಿ ಹೊಕ್ಕು ಹೊಡೆದರು. ಬಂದ ಶಾಲು ಈ ಕಡೆಯಿಂದ ನೋಡಿದರೆ ಕೆಂಪು, ಆ ಕಡೆಯಿಂದ ಕೇಸರಿ. ನಮ್ಮ ಬಣ್ಣವೇ ಗೆದ್ದಿತು ಎಂದು ಇಬ್ಬರು ಅಣ್ಣಂದಿರೂ ಹಿಗ್ಗಿದರು.

ಶಾಲಿನ ಗಂಟು ಒಯ್ಯಲು ಬಂದ ಎರಡೂ ಕಡೆಯವರಿಂದ ಕಲ್ಲು ಹಾಕಿಸುವ ಮಾತು ತೆಗೆದುಕೊಂಡೇ ವೈನಿ ಗಂಟು ಬಿಟ್ಟಳು. ಇಂಥ ಶಾಲನ್ನು ಇಬ್ಬರೂ ಒಯ್ದರಲ್ಲ ಎಂದು ನಾನು ಫೋನಿನಲ್ಲಿ ನಕ್ಕರೆ, ಆಕೆ ಅಂದಳು: "ಆರಿಸಿ ಬಂದ ಮ್ಯಾಲೆ ಬಣ್ಣ ಬದಲಾಸೂ ಖರ್ಚು ಉಳೀತು ಅಂದಿರಬೇಕು."

ಕಲ್ಲು ಬಂತು

ಮೊದಲು ಕೆಂಪಿನವರು ಗೆದ್ದರು. ಗಟಾರ ಮುಚ್ಚುವ ಕಾಮಗಾರಿಗೆ ಭೂಮಿಪೂಜೆಯಾಯಿತು. ನಾಯಕರೆಲ್ಲರ ಹೆಸರು ಕೆತ್ತಿದ ಕರಿ ಗ್ರಾನೈಟ್ ಕಲ್ಲು ನಮ್ಮ ಗೋಡೆಗೆ ಒರಗಿ ನಿಂತಿತು. ಬಂದ ಹಣ ಪೂಜೆಗೆ, ಕಲ್ಲಿಗೆ, ಮಂಡಕ್ಕಿ-ಮಿರ್ಚಿಗೆ ಸರಿಹೋಯಿತು. ಅವಧಿಯ ನಡುವೆಯೇ ಕೇಸರಿಯವರು ಅಧಿಕಾರಕ್ಕೆ ಬಂದು, ಹಿಂದಿನವರದೆಲ್ಲ ದುಂದು ಎಂದು ಹೇಳಿ, ಅದಕ್ಕಿಂತ ದೊಡ್ಡ ಕಲ್ಲು ನಿಲ್ಲಿಸಿದರು. ಗಟಾರ ಬಾಯಿ ತೆರೆದೇ ಇತ್ತು.

ಈ ವರ್ಷ ನಾನು ಆಟೊದಿಂದ ಇಳಿದು ನೋಡುತ್ತೇನೆ, ಗಟಾರ ಮುಚ್ಚಿದೆ. ವೈನಿ ಬಟ್ಟೆಗಂಟು ಹೊರುವ ಹಮಾಲರನ್ನು ಕರೆದು ಎರಡೂ ಕಲ್ಲುಗಳನ್ನು ಅಡ್ಡ ಹಾಕಿಸಿದ್ದಳು, ಹೆಸರು ಮೇಲಾಗಿ. ಅಣ್ಣಂದಿರಿಬ್ಬರೂ ಹೊಸ್ತಿಲಲ್ಲಿ ತಲೆ ಹಿಡಿದು ನಿಂತಿದ್ದರು. ನಾಯಕರ ಹೆಸರು ತುಳಿಯಬಾರದು, ಕಲ್ಲು ಬೋರಲು ಹಾಕಿಸು ಎಂದು ಇಬ್ಬರದೂ ಒಂದೇ ಮಾತು. ನನ್ನ ಆಯುಷ್ಯದಲ್ಲಿ ಅವರು ಒಪ್ಪಿದ್ದು ಅದೊಂದೇ ಸಲ.

ವೈನಿ ಒಂದು ಪಕ್ಷದ ಮೇಲೆ ಎಡಗಾಲು, ಇನ್ನೊಂದರ ಮೇಲೆ ಬಲಗಾಲು ಇಟ್ಟು ನಿಧಾನ ದಾಟಿ ಬಂದು ನನ್ನ ಚೀಲ ಇಸಿದುಕೊಂಡಳು.

"ಅಕ್ಷರ ಮ್ಯಾಲೇ ಇರಲಿ," ಎಂದಳು. "ಕಾಲು ಜಾರಂಗಿಲ್ಲ."