ಬೆರಳಗಲ ಸರಿಯುವ ಕಪಾಟು

ನನ್ನ ಪುಸ್ತಕದ ಕಪಾಟನ್ನು ನನ್ನ ಹೆಂಡತಿ ದಿನಕ್ಕೊಂದು ಬೆರಳಗಲದಷ್ಟು ಬೀದಿಬಾಗಿಲಿನ ಕಡೆಗೆ ತಳ್ಳುತ್ತಿದ್ದಾಳೆ ಎಂಬ ಅನುಮಾನ ನನಗೆ ಹುಟ್ಟಿದ್ದು ಸೋಮವಾರ. ಮಂಗಳವಾರ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಬುಧವಾರ ಕಪಾಟು ಗೆರೆ ದಾಟಿತ್ತು.

ಮೂವತ್ತೊಂದು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಹೊರಗಿನಿಂದ ಬಲ ಬೀಳದೆ ನಿಂತ ವಸ್ತು ಕದಲುವುದಿಲ್ಲ. ಹಾಗಾದರೆ ಈ ಬಲ ಯಾರದು? ಮನೆಯಲ್ಲಿರುವವರು ಮೂವರು. ಮೊಮ್ಮಗಳು ಹಗಲೆಲ್ಲ ಶಾಲೆಯಲ್ಲಿ. ಕಪಾಟು ಸರಿಯುವುದೋ, ನಾನು ಊಟ ಮುಗಿಸಿ ಅದರ ಪಕ್ಕಕ್ಕೆ ಮುಖಮಾಡಿದ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ ಹೊತ್ತಿನಲ್ಲೇ. ಉಳಿದವರು ಯಾರು, ನೀವೇ ಹೇಳಿ. ಆ ಜಾಗದಲ್ಲಿ ಹೊಲಿಗೆಯಂತ್ರ ಇಡಬೇಕೆಂದು ಅವಳು ಎರಡು ವರ್ಷದಿಂದ ಹೊಂಚು ಹಾಕುತ್ತಿದ್ದಳು. ಸಾಲದ್ದಕ್ಕೆ ದಿನವೂ ಅಲ್ಲೇ ನೆಲ ಒರೆಸುವ ಉತ್ಸಾಹ! (ಒದ್ದೆ ನೆಲದಲ್ಲಿ ಘರ್ಷಣೆ ಕಡಿಮೆ ಎಂದು ಅವಳಿಗೆ ಹೇಳಿಕೊಟ್ಟ ಮಹಾನುಭಾವನೂ ನಾನೇ.)

"ಏನೇ, ನನ್ನ ಕಪಾಟು ನಡೆಯೋದು ಕಲಿತಿದೆಯಲ್ಲ?" ಎಂದೆ.

"ಸಂತೋಷ. ನೆಟ್ಟಗೆ ಹೊರಗೆ ನಡೀಲಿ."

"ನೀನೇ ತಳ್ತಿದೀಯ."

"ನಾನಾ? ಆ ರದ್ದಿ ತುಂಬಿದ ಆನೇನ? ಒಂದು ಬಕೆಟ್ ನೀರು ಎತ್ತಿದ್ರೆ ನನ್ನ ಸೊಂಟ ಹಿಡ್ಕೊಳ್ಳುತ್ತೆ. ಅನುಮಾನಕ್ಕೂ ಒಂದು ಮಿತಿ ಬೇಡ್ವೇನ್ರೀ?"

ರದ್ದಿಯಂತೆ! ನನ್ನ ಮೊದಲ ವರ್ಷದ ಪಾಠದ ಟಿಪ್ಪಣಿಯಿಂದ ಹಿಡಿದು, ನಿವೃತ್ತಿಯ ದಿನ ಮಕ್ಕಳು ಬರೆದುಕೊಟ್ಟ ಕಾಗದಗಳವರೆಗೆ ಎಲ್ಲವೂ ಅದರಲ್ಲಿವೆ. ಸಿಟ್ಟಿನಲ್ಲಿ ಪಣ ಕಟ್ಟಿಯೇಬಿಟ್ಟೆ. ತಳ್ಳುವವಳು ಅವಳಾದರೆ ಕಪಾಟಿನ ಸುದ್ದಿಯನ್ನು ಇನ್ನೆಂದೂ ಎತ್ತಕೂಡದು. ಅಲ್ಲವಾದರೆ ಕಪಾಟು ಮನೆಯಿಂದ ಹೊರಗೆ. ಅವಳು ತಡಮಾಡದೆ ಒಪ್ಪಿದಳು. ಅದೂ ಅನುಮಾನಕ್ಕೆ ಎಡೆಯೇ.

ಮೊಮ್ಮಗಳಿಗೂ ಅವಳ ಗೆಳತಿ ಸೋಡಾಬುಡ್ಡಿಗೂ (ದಪ್ಪ ಕನ್ನಡಕದ ಹುಡುಗಿ) ಶಾಲೆಯಲ್ಲಿ ಆಗ ಬಲ ಮತ್ತು ಚಲನೆಯ ಪಾಠವೇ ನಡೆದಿತ್ತು. ಭಾನುವಾರ ಇಬ್ಬರನ್ನೂ ಕೂರಿಸಿಕೊಂಡು, ಬೆಂಕಿಪೊಟ್ಟಣವನ್ನು ಒಂದು ಬೆರಳಿನಿಂದ ತಳ್ಳಿಸಿದೆ, ಸರಿಯಿತು. ಎರಡು ಕಡೆಯಿಂದ ಸಮನಾಗಿ ಒತ್ತಿಸಿದೆ, ನಿಂತಿತು.

"ಈಗ ನಿಜವಾದ ಪ್ರಯೋಗ. ನಾನು ಮಲಗ್ತೀನಿ. ನೀವು ಪರದೆ ಹಿಂದೆ ಕೂತು ಕಪಾಟು ನೋಡ್ತಿರಿ. ಬಲ ಎಲ್ಲಿಂದ ಬಂತು, ಯಾವ ಕಡೆಗೆ ಹೋಯ್ತು, ಬಾಣ ಹಾಕಿ ಚಿತ್ರ ಬರೀರಿ."

"ಅಜ್ಜಿ ಸಿಕ್ಕಿಬಿದ್ರೆ ಜಾಸ್ತಿ ಮಾರ್ಕ್ಸಾ ತಾತ?"

"ಕಂಡದ್ದನ್ನ ಕಂಡ ಹಾಗೆ ಬರೆದ್ರೆ ಪೂರ್ತಿ ಮಾರ್ಕ್ಸು," ಎಂದೆ, ನ್ಯಾಯಾಧೀಶನ ಗಾಂಭೀರ್ಯದಿಂದ.

ಎಚ್ಚರವಾದಾಗ ಕಪಾಟು ಮತ್ತೆ ಬೆರಳಗಲ ಸರಿದಿತ್ತು. ಹೆಂಡತಿಯನ್ನು ಕೂಗಿ ಕರೆದು, ಅವಳೆದುರಿಗೇ ನೋಟ್‌ಪುಸ್ತಕ ತೆರೆಸಿದೆ. ಚಿತ್ರ ಅಚ್ಚುಕಟ್ಟಾಗಿತ್ತು. ಬಾಣದ ಮೊನೆ ಬೀದಿಬಾಗಿಲಿನ ಕಡೆಗೆ. ಬಾಣದ ಬುಡದಲ್ಲಿ ಎರಡು ಪಾದ. ಕೆಳಗೆ ದುಂಡಗೆ ಬರೆದಿತ್ತು: ತಾತನ ಅಂಗಾಲು.

"ನೀವು ನಿದ್ದೇಲಿ 'ಹಿಂದಿನ ಬೆಂಚು, ಎದ್ದು ನಿಲ್ಲು!' ಅಂತ ಗದರ್ತೀರ ಸಾರ್," ಎಂದಳು ಸೋಡಾಬುಡ್ಡಿ. "ಗದರಿದಾಗೆಲ್ಲ ಕಾಲು ಜೋರಾಗಿ ಚಾಚ್ತೀರ. ನಾಲ್ಕು ಸಲ ಆಯ್ತು."

"ಹಾಗಿದ್ರೆ ನನ್ನ ಕುರ್ಚಿ ಹಿಂದಕ್ಕೆ ಹೋಗಬೇಕಿತ್ತಲ್ಲ? ಕಪಾಟು ಇಷ್ಟು ದೂರ ಹೋದ ಮೇಲೂ ಕಾಲು ಹೇಗೆ ಎಟುಕುತ್ತೆ? ತಪ್ಪು!" ಎಂದು ಕೆಂಪು ಪೆನ್ನು ಎತ್ತಿದೆ. ಆಗ ಕಣ್ಣಿಗೆ ಬಿದ್ದವು, ಚಿತ್ರದಲ್ಲಿ ಕುರ್ಚಿಗೂ ಗೋಡೆಗೂ ನಡುವೆ ಆರು ಗೆರೆಗಳು. "ಇದೇನಿದು ಗೀಚಿರೋದು?"

"ಪುಸ್ತಕ ತಾತ. ಕಂಡದ್ದನ್ನೇ ಬರೆದ್ವಿ."

ಬಗ್ಗಿ ನೋಡಿದೆ. ನನ್ನವೇ ಆರು ದಪ್ಪ ಪುಸ್ತಕಗಳು, ಕುರ್ಚಿಯ ಹಿಂದೆ ಬೆಣೆಯಂತೆ ಬಿಗಿಯಾಗಿ ನಿಂತಿದ್ದವು. ದಿನಕ್ಕೊಂದು!

"ಕುರ್ಚಿ ಬಡಿದು ಗೋಡೆಯ ಸುಣ್ಣ ಉದುರ್ತಿತ್ತು, ಅದಕ್ಕೇ ಒತ್ತು ಕೊಟ್ಟೆ," ಎಂದಳು ಹೆಂಡತಿ, ಹಾಲಿನಂಥ ಮುಖ ಮಾಡಿಕೊಂಡು. "ಪಣ ಕಟ್ಟಿದ್ದು ತಳ್ಳಿದ್ಯಾರು ಅಂತ ತಾನೆ?"

ನಾನು ತಲೆ ತಗ್ಗಿಸಿ, ಕೆಂಪು ಪೆನ್ನಿನಿಂದ ಹತ್ತಕ್ಕೆ ಹತ್ತು ಬರೆದೆ. "ನಾಳೆ ಆಳು ಕರೆಸ್ತೀನಿ," ಎಂದೆ.

"ಆಳು ಯಾಕ್ರೀ? ಪುಟ್ಟೀ, ಕಪಾಟು ಬಾಗಿಲು ದಾಟಕ್ಕೆ ಇನ್ನೆಷ್ಟು ಪುಸ್ತಕ ಬೇಕು?"

ಮೊಮ್ಮಗಳು ಬೆರಳಿಟ್ಟು ನೆಲ ಅಳೆದಳು. "ಎಂಬತ್ತು ಅಜ್ಜಿ."

"ಇದೆ," ಎಂದು ಹೇಳಿ, ನನ್ನಾಕೆ ಕಪಾಟಿನಿಂದ ಏಳನೆಯದನ್ನು ತೆಗೆದಳು.